ಏಪ್ರಿಲ್‌ನಲ್ಲಿ ಹಿತಕಿದ ಬೇಳೆ ಸಾರು

ಹರ್ಷಿತಾ, ಮನು, ಇಲ್ಲಿ ಬನ್ನಿ. ಈ ವಾರ ನಿಮ್ಮಜ್ಜಿ ಪತ್ರಿಕೆಗೆ ಒಂದು ಸುಳ್ಳಿನ ಬಗ್ಗೆ ಬರೆಯುತ್ತಿದ್ದಾಳೆ. (ಓದುಗರೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ, ಅಡ್ಡಿಯಿಲ್ಲ.) ಆ ಸುಳ್ಳು ನಿಮಗೆ ಗೊತ್ತು. ಅದನ್ನು ಹೇಳುವಾಗ ನೀವಿಬ್ಬರೂ ನನ್ನ ಎದುರಿಗೇ ಊಟಕ್ಕೆ ಕೂತಿದ್ದಿರಿ.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಯಾರಾದರೂ ಹಿತಕಿದ ಬೇಳೆ ಸಾರು ಬಡಿಸಿ 'ಈಗ ತಾನೇ ಮಾಡಿದ್ದು' ಎಂದರೆ ನಂಬಬಹುದೇ? ನಮ್ಮ ಸೀಮೆಯವರಂತೂ ನಂಬಬಾರದು. ಸೊಗಡಿನ ಅವರೆಕಾಯಿ ಬರುವುದು ಮಂಜು ಬೀಳುವ ಕಾಲಕ್ಕೆ. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅದರ ಕಾಲವೂ ಕಳೆಯಿತು. ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೇ ಹೆಬ್ಬೆರಳಲ್ಲಿ ಹಿತಕಿ ಸಿಪ್ಪೆ ಬಿಡಿಸಬೇಕು. ನನ್ನ ಹೆಬ್ಬೆರಳು ಬಗ್ಗದೆ ಮೂರು ವರ್ಷವಾಯಿತು.

ಈ ಸಲ ಹಿತಕಿದ್ದು ನಿಮ್ಮ ಅಮ್ಮ. ಹೈಸ್ಕೂಲಿನಲ್ಲಿ ಪಾಠ ಮಾಡಿ, ಜಂಗಮಕೋಟೆಯಿಂದ ಬಸ್ಸಿನಲ್ಲಿ ನಿಂತು ಬಂದು, ಟೀವಿ ಮುಂದೆ ತಟ್ಟೆ ಇಟ್ಟುಕೊಂಡು ಹಿತಕಿದಳು. ಉಗುರಿನ ಸಂದಿ ಕಪ್ಪಾಗಿ ವಾರವಿಡೀ ಹಾಗೇ ಇತ್ತು. ಒಂದಷ್ಟು ಆಗಲೇ ತಿಂದೆವು. ಮಿಕ್ಕಿದ್ದಕ್ಕೆ ಮಸಾಲೆ ರುಬ್ಬಿ ಹಾಕಿ, ಸಾರು ಮಾಡಿ, ಡಬ್ಬಗಳಿಗೆ ತುಂಬಿ ಫ್ರೀಜರಿಗೆ ಇಟ್ಟಳು.

ನನಗೆ ಆ ಫ್ರೀಜರ್ ಕಂಡರೆ ಆಗುತ್ತಿರಲಿಲ್ಲ. ಚಿಂತಾಮಣಿಯಲ್ಲಿರುವ ನನ್ನ ನಾದಿನಿ ರತ್ನಮ್ಮ, ಅದೇ ನಿಮ್ಮ ತಾತನ ತಂಗಿ, ಫೋನ್ ಮಾಡಿದಾಗಲೆಲ್ಲ ನಾನು ಹೇಳುತ್ತಿದ್ದದ್ದು ಅದೇ ಮಾತು. "ನಮ್ಮನೇಲಿ ಒಲೆ ಹಚ್ಚೋದೇ ಭಾನುವಾರ ಕಣೇ. ಮಿಕ್ಕ ದಿನ ಐಸ್ ಗಡ್ಡೆ ಕರಗಿಸ್ಕೊಂಡು ತಿನ್ನೋದು."

ನಾದಿನಿ ನಗುತ್ತಿದ್ದಳು. ನಗಿಸಿದ್ದಕ್ಕೆ ನನಗೆ ಖುಷಿ. ನಾಲ್ಕು ಜನರ ನಡುವೆ ಬಾಯಿ ಬಿಡದವಳಿಗೆ ಫೋನಿನಲ್ಲಿ ಇಷ್ಟೊಂದು ಮಾತು ಎಲ್ಲಿಂದ ಬರುತ್ತಿತ್ತೋ!

ಏಪ್ರಿಲ್‌ನಲ್ಲಿ ನಿಮ್ಮ ಅಮ್ಮನಿಗೆ ಪರೀಕ್ಷೆ ಪೇಪರ್ ತಿದ್ದುವ ಡ್ಯೂಟಿ ಬಿತ್ತು. ಬೆಳಿಗ್ಗೆ ಚಿಕ್ಕಬಳ್ಳಾಪುರಕ್ಕೆ ಹೋದರೆ ಬರುವುದು ಸಂಜೆಗೆ. ಹೋಗುವ ಮುಂಚೆ ಹತ್ತು ದಿನದ ಅಡುಗೆ ಮಾಡಿ ಜೋಡಿಸಿದ್ದಳು. ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಹುಳಿ, ನನಗೆ ಬೀಪಿ ಎಂದು ಉಪ್ಪು ಕಡಿಮೆ ಹಾಕಿದ ಬೇರೆ ಡಬ್ಬಗಳು. ಎಲ್ಲದರ ಮೇಲೂ ದುಂಡು ಅಕ್ಷರದಲ್ಲಿ ಬರೆದ ಚೀಟಿ. ಮೂರು ಡಬ್ಬಗಳ ಮೇಲೆ ಮಾತ್ರ ಹೀಗಿತ್ತು: 'ಹಿತಕಿದ ಬೇಳೆ. ಇದೇ ಕೊನೇದು. ಭಾನುವಾರ ಎಲ್ಲರಿಗೂ.' ಆ ಒಂದು ದಿನ ಅವಳಿಗೆ ರಜೆ. ಅಡುಗೆಯಿಂದಲೂ ರಜೆ.

ಗುರುವಾರ ಮಧ್ಯಾಹ್ನ ಫೋನ್ ಬಂತು. ಗೌರಿಬಿದನೂರಿನಲ್ಲಿ ಮದುವೆ ಮುಗಿಸಿ ರತ್ನಮ್ಮ ಗಂಡನ ಜೊತೆ ಕಾರಿನಲ್ಲಿ ವಾಪಸಾಗುತ್ತಿದ್ದಾಳೆ.

"ವದಿನಾ, ಚಿಕ್ಕಬಳ್ಳಾಪುರ ದಾಟಿದ್ವಿ. ಊಟಕ್ಕೆ ನಿಮ್ಮನೇಗೇ ಬರ್ತೀವಿ. ಜಾಸ್ತಿ ಏನೂ ಮಾಡ್ಬೇಡ, ನಿನ್ ಕೈಯಲ್ಲಿ ಒಂದು ಮುದ್ದೆ, ಸಾರು ಸಾಕು." (ಅವಳು ಸೇರಿದ್ದು ತೆಲುಗು ಮಾತಾಡುವ ಮನೆ, ಅತ್ತಿಗೆ ಅನ್ನುವುದು ಮರೆತೇ ಹೋಗಿದೆ.)

ಇದ್ದದ್ದು ಅರ್ಧ ಗಂಟೆ. ಐಸ್ ಗಡ್ಡೆಯನ್ನು ಅಷ್ಟು ಬೈದವಳು ಅದನ್ನೇ ಬಡಿಸುವುದು ಹೇಗೆ? ಬಡಿಸಿದರೂ ಹೇಳುವುದು ಹೇಗೆ? ನೆಂಟರಿಗೆ ಒಳ್ಳೆಯದೇ ಇರಲಿ ಎಂದು ಕೊನೆಯ ಆ ಮೂರು ಡಬ್ಬಕ್ಕೇ ಕೈ ಹಾಕಿದೆ. ಗಡ್ಡೆಯನ್ನು ಹಳೆಯ ಪಾತ್ರೆಗೆ ಸುರಿದು ಕರಗಿಸಿದೆ. ಖಾಲಿ ಡಬ್ಬಗಳನ್ನು ರಾಗಿ ಚೀಲದ ಹಿಂದೆ ಬಚ್ಚಿಟ್ಟೆ. ಕಾರು ನಿಂತ ಸದ್ದಾದ ಮೇಲೆ ಎಣ್ಣೆಗೆ ಬೆಳ್ಳುಳ್ಳಿ, ಕರಿಬೇವು ಹಾಕಿ ಚುರ್ ಎನಿಸಿದೆ. ಆ ಒಗ್ಗರಣೆ ಸಾರಿಗಲ್ಲ, ಬರುವವರ ಮೂಗಿಗೆ.

ಮುದ್ದೆ ಮಾತ್ರ ನಾನೇ ಮಾಡಿದ್ದು. ಆ ದಿನ ಆ ಮನೆಯಲ್ಲಿದ್ದ ನಿಜ ಅದೊಂದೇ.

ರತ್ನಮ್ಮ ಮೊದಲ ತುತ್ತಿಗೇ ಕಣ್ಣರಳಿಸಿದಳು. "ಪಿತಿಕಿಪಪ್ಪು! ಹಿತಕಿದ ಬೇಳೆ ಈ ಬಿಸಿಲಲ್ಲಿ ಎಲ್ಲಿ ಸಿಕ್ತು ವದಿನಾ?"

"ಮೇಲೂರಲ್ಲಿ ಯಾರೋ ಬೆಳೆದಿದ್ರು. ತಂದ್ಕೊಟ್ರು."

"ನೀನೇ ಹಿತಕಿದ್ಯಾ?"

"ಇನ್ಯಾರು ಹಿತಕ್ತಾರೆ?"

ಹರ್ಷಿತಾ, ಆಗ ನೀನು ತಲೆ ಎತ್ತಿ "ಅಜ್ಜೀ, ಅದು ಅಮ್ಮ..." ಎಂದೆ. ನಾನು ನಿನ್ನ ತಟ್ಟೆಗೆ ಹಪ್ಪಳ ಹಾಕಿ, "ಉಣ್ಣೋವಾಗ ಮಾತಾಡ್ಬಾರ್ದಮ್ಮ" ಎಂದೆ. ನಿಜ ಹೇಳಬೇಕು ಎಂದು ದಿನಾ ಕಥೆ ಹೇಳುವ ಬಾಯಿ ನನ್ನದು. ನೀನು ಹಪ್ಪಳ ಮುರಿಯಲೇ ಇಲ್ಲ.

ಊಟವಾದ ಮೇಲೆ ರತ್ನಮ್ಮ ಸೊಟ್ಟಗಾದ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಈ ಕೈಯಲ್ಲಿ ಇಷ್ಟು ಕಾಳು ಹಿತಕಿದ್ಯಲ್ಲ ವದಿನಾ. ನಮ್ಮಣ್ಣ ಇದ್ದಿದ್ರೆ ಎರಡು ಮುದ್ದೆ ಜಾಸ್ತಿ ಉಣ್ಣೋನು." ಅವಳ ಕಣ್ಣು ಒದ್ದೆಯಾಗಿತ್ತು. ಕೈ ಎಳೆದುಕೊಳ್ಳಬೇಕೆನಿಸಿತು. ಎಳೆದುಕೊಳ್ಳಲಿಲ್ಲ. ಹೊಗಳಿಕೆ ಎಷ್ಟು ಕೆಟ್ಟದ್ದು ನೋಡಿ, ನಮ್ಮದಲ್ಲ ಎಂದು ಗೊತ್ತಿದ್ದರೂ ಬೆಚ್ಚಗೇ ಇರುತ್ತದೆ.

ಅವರು ಕಾಫಿ ಕುಡಿದು ಹೊರಡುವ ಹೊತ್ತಿಗೆ ನಿಮ್ಮ ಅಮ್ಮ ಬಂದಳು. ಬೆರಳಿಗೆಲ್ಲ ಕೆಂಪು ಇಂಕು. ರತ್ನಮ್ಮ ಕೂರಲೂ ಬಿಡಲಿಲ್ಲ.

"ಬಾಮ್ಮ ಶೈಲಾ. ನಿಮ್ಮತ್ತೆ ಎಂಥಾ ಸಾರು ಮಾಡಿದ್ರು ಗೊತ್ತಾ? ಈ ವಯಸ್ಸಲ್ಲಿ ಕೂತು ಹಿತಕಿದ್ದಾರೆ. ನೀನೂ ಆ ಫ್ರೀಜರು ಗೀಜರು ಬಿಟ್ಟು, ಅವರಿರೋವಾಗ್ಲೇ ಕೈಯಾರೆ ಮಾಡೋದು ಕಲ್ತ್ಕೋಮ್ಮ."

ಶೈಲಾ ನನ್ನ ಕಡೆ ನೋಡಿದಳು. ಒಂದೇ ಸಲ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಆಗ್ಲಿ ಅತ್ತೆ, ಕಲ್ತ್ಕೋತೀನಿ," ಎಂದಳು ನಿಮ್ಮ ಅಮ್ಮ. "ನಮ್ಮತ್ತೆ ಕೈರುಚಿ ನಂಗೆಲ್ಲಿ ಬರುತ್ತೆ?"

ಅದನ್ನು ಅವಳು ಚುಚ್ಚಿ ಹೇಳಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಚುಚ್ಚಲಿಲ್ಲ. ನೆಂಟರ ಮುಂದೆ ಜಾರಿದ ನನ್ನ ಸೆರಗನ್ನು ಸರಿಮಾಡಿದ ಹಾಗೆ ಹೇಳಿ ಒಳಗೆ ಹೋದಳು. ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿತು. ಮತ್ತೆ ಮುಚ್ಚಿದ ಸದ್ದೂ ಕೇಳಿತು. ಒಂದು ಸೌಟೂ ಉಳಿದಿರಲಿಲ್ಲ. ಅಂದು ಅವಳು ಉಂಡದ್ದು ಮೊಸರನ್ನ. ಭಾನುವಾರ ಎಂದಿನಂತೆ ಎದ್ದು ಒಲೆ ಹಚ್ಚಿದಳು. ಡಬ್ಬಗಳ ಸುದ್ದಿ ಎತ್ತಲೇ ಇಲ್ಲ.

ನಾನು ವರ್ಷಕ್ಕಾಗುವಷ್ಟು ಸಂಡಿಗೆ, ಉಪ್ಪಿನಕಾಯಿ, ಸಾರಿನ ಪುಡಿ ಮಾಡಿಟ್ಟಾಗ ಊರೆಲ್ಲ ಜಾಣೆ ಎಂದಿತು. ಅವಳು ಹತ್ತು ದಿನಕ್ಕೆ ಮಾಡಿಟ್ಟರೆ ತಂಗಳು, ಸೋಮಾರಿತನ! ಇದ್ಯಾವ ನ್ಯಾಯ? ಬಿಸಿಲಲ್ಲಿ ಒಣಗಿಸಿದ್ದು ಸಂಸಾರ, ಐಸಿನಲ್ಲಿ ಇಟ್ಟದ್ದು ಫ್ಯಾಷನ್ನೇ?

ಸುಳ್ಳು ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ರತ್ನಮ್ಮ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಾಳೆ. "ಆ ಮೇಲೂರಿನೋರ ನಂಬರ್ ಕೊಡು ವದಿನಾ, ನಾವೇ ಹೋಗಿ ಐದು ಕೆಜಿ ಅವರೆಕಾಯಿ ತರ್ತೀವಿ." ನಾನು ಯಾವ ನಂಬರ್ ಕೊಡಲಿ?

ರತ್ನಮ್ಮಾ, ಈ ಪತ್ರಿಕೆ ನಿನ್ನ ಮನೆಗೂ ಬರುತ್ತದೆ. ಮೇಲೂರಿನಲ್ಲಿ ಯಾರೂ ಬೆಳೆದಿಲ್ಲ. ಆ ಸಾರು ಶೈಲಾ ಮಾಡಿದ್ದು. ನೀನು ಕಣ್ಣಿಗೆ ಒತ್ತಿಕೊಳ್ಳಬೇಕಾಗಿದ್ದದ್ದು ಕೆಂಪು ಇಂಕಿನ ಆ ಕೈಗಳನ್ನು.

ಶೈಲಾಗೆ ಇದನ್ನು ಬಾಯಿಬಿಟ್ಟು ಹೇಳಲು ಮೂರು ದಿನ ಅಡುಗೆಮನೆಯ ಬಾಗಿಲವರೆಗೆ ಹೋದೆ. "ಏನತ್ತೆ, ನೀರು ಬೇಕಾ?" ಎಂದು ಕೇಳಿದಳು. ಹೂಂ ಎಂದು ನೀರು ಕುಡಿದು ಬಂದೆ.

ಅದಕ್ಕೇ ಬರೆದಿದ್ದೇನೆ. ಆದರೆ ಮಕ್ಕಳೇ, ಒಂದು ತೊಡಕಿದೆ. ನಾನು ಕೈಯಲ್ಲಿ ಬರೆದದ್ದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಪತ್ರಿಕೆಗೆ ಕಳಿಸುವವಳು ನಿಮ್ಮ ಅಮ್ಮನೇ. ಆದ್ದರಿಂದ ನನ್ನ ಅಕ್ಷರದ ಈ ನಾಲ್ಕು ಹಾಳೆಗಳನ್ನು ನೀವಿಬ್ಬರೂ ಜೋಪಾನವಾಗಿ ಇಟ್ಟುಕೊಳ್ಳಿ. ಅತ್ತೆಯ ಮಾನ ಉಳಿಸಲು ಅವಳು ಅಚ್ಚಿಗೆ ಹೋಗುವ ಮುಂಚೆ ಇದನ್ನೆಲ್ಲ ಅಳಿಸಿಬಿಟ್ಟರೆ?