ಮುಕಾದಮನ ಪಟ್ಟಿ

ಎಂ.ಎ. ಅರ್ಥಶಾಸ್ತ್ರದ ಎರಡನೆಯ ವರ್ಷ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಮರಾಠಿ ಸೀಮೆಯ ದೌಂಡ ಸುತ್ತಮುತ್ತ ಕಬ್ಬು ಕಡಿಯುವವರನ್ನು. ನಮ್ಮ ಮನೆಯವರಂತೆಯೇ ನಮ್ಮ ಕಡೆಯಿಂದ ದುಡಿಯಲು ಬಂದವರು, ಕನ್ನಡ ಮಾತಾಡುವವರು, ಕೆಲಸ ಸಲೀಸಾಗಿ ಮುಗಿಯುತ್ತದೆ ಎಂದುಕೊಂಡಿದ್ದೆ. ಸೋಮಾರಿತನಕ್ಕೆ ಸಂಶೋಧನಾ ವಿಧಾನ ಎಂದು ಹೆಸರಿಡುವುದನ್ನು ಅಷ್ಟರಲ್ಲಿ ಕಲಿತಿದ್ದೆ.

ಕೂಲಿಗಳನ್ನು ಕರೆತಂದಿದ್ದ ಮುಕಾದಮ ತನ್ನ ಪಟ್ಟಿ ಕೊಟ್ಟ. ನಲವತ್ತು ಹೆಸರು, ಎಲ್ಲ ಗಂಡಸರವೇ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪ್ರಶ್ನಾವಳಿ ತುಂಬಿದೆ. “ಹೆಂಡತಿ ಏನ್ ಮಾಡ್ತಾರ್ರಿ?” ಎಂದರೆ, “ಏನಿಲ್ರಿ, ನನ್ ಸಂಗಾಟ ಇರ್ತಾಳ್ರಿ” ಎನ್ನುತ್ತಿದ್ದರು. ಗೃಹಿಣಿ ಎಂದು ಬರೆದುಕೊಂಡೆ.

ಕಡಿದ ಕಬ್ಬನ್ನು ನಲವತ್ತರಿಂದ ಭಾಗಿಸಿದಾಗ ತಲಾ ಉತ್ಪಾದಕತೆ ಕಣ್ಣು ಕುಕ್ಕುವಷ್ಟು ಬಂತು. ಮಾರ್ಗದರ್ಶಕರು ಹಿಗ್ಗಿದರು. ಇದೊಂದು ಸಾಕು, ಪಿಎಚ್.ಡಿ.ಗೆ ನಾನೇ ತೆಗೆದುಕೊಳ್ಳುತ್ತೇನೆ ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ವಿಮಾನ ನಗರದ ಕಟ್ಟಡ ಕೆಲಸ ಮುಗಿಸಿ ಬಂದ ಅವ್ವನಿಗೆ ಹೇಳಿದೆ. ನಾನು ಹುಟ್ಟುವ ಮೊದಲು ಅವಳೂ ಅಪ್ಪನ ಜೊತೆ ಕಬ್ಬಿಗೆ ಹೋದವಳು. ರೊಟ್ಟಿ ಬಡಿಯುತ್ತಲೇ ಕೇಳಿದಳು:

“ಒಬ್ಬ ಗಂಡಸು ಅಷ್ಟ್ ಕಬ್ಬ ಹೆಂಗ ಕಡೀತಾನ? ಒಣಗಿದ ಗರಿ, ರವದಿ ಸುಲದಾಕಿ ಯಾರು? ಹೊರಿ ಕಟ್ಟಿ, ತಲಿ ಮ್ಯಾಲ ಹೊತ್ತು ಗಾಡಿಗಿ ಏರಿಸಿದಾಕಿ ಯಾರು?”

ಗಂಡ ಹೆಂಡತಿ ಸೇರಿ ದುಡಿದರೂ ಪಟ್ಟಿಯಲ್ಲಿ ಜೋಡಿಗೆ ಒಂದೇ ಹೆಸರು, ಗಂಡನದು. ಅದು ಮೊದಲಿಂದಲೂ ನಡೆದು ಬಂದ ಪದ್ಧತಿ. ನನಗೆ ನಾಚಿಕೆಯಾಯಿತು. ಈ ಮನೆಯಲ್ಲೇ ಬೆಳೆದು, ಇದನ್ನು ಕೇಳಲು ನನಗೆ ತೋಚಿರಲಿಲ್ಲ.

“ಹೋಗಿ ಆ ಹೆಣ್ಮಕ್ಳ ಹೆಸರ ಬರ್ಕೊಂಡ ಬಾ” ಎಂದಳು.

ಮರುದಿನವೇ ಹೋದೆ. ಹಂಗಾಮು ಮುಗಿದು, ಗುಡಿಸಲು ಕಿತ್ತುಕೊಂಡು ಎಲ್ಲರೂ ಊರಿಗೆ ಹೋಗಿಯಾಗಿತ್ತು. ಫೋನಿನಲ್ಲಿ ಸಿಕ್ಕ ಮುಕಾದಮ, “ಅವರ ಹೆಸರ ನಾ ಎಲ್ಲಿ ಇಟ್ಕೊಂಡಿರ್ತೀನ್ರಿ?” ಎಂದ.

ನಲವತ್ತನ್ನು ಎಂಬತ್ತು ಮಾಡಿದೆ. ಉತ್ಪಾದಕತೆ ಅರ್ಧಕ್ಕಿಳಿದು ಎಲ್ಲರಿಗೂ ಗೊತ್ತಿದ್ದ ಮಾಮೂಲಿ ಅಂಕಿಯಾಯಿತು. ಮಾರ್ಗದರ್ಶಕರು ಪಿಎಚ್.ಡಿ. ಮಾತನ್ನು ಮತ್ತೆ ಎತ್ತಲಿಲ್ಲ. ಸಾಧಾರಣ ಅಂಕಗಳಲ್ಲಿ ಪಾಸಾದೆ.

ಬೈಂಡ್ ಮಾಡಿಸಿ ತಂದ ಪ್ರಬಂಧವನ್ನು ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡಳು. “ಆ ಹೆಣ್ಮಕ್ಳ ಹೆಸರ ಎಲ್ಲಿ ಅದಾವ?” ಎಂದಳು.

ಕೊನೆಯ ಪುಟಗಳಲ್ಲಿದ್ದ ಪಟ್ಟಿಯನ್ನು ತೆರೆದು ಬೆರಳಿಟ್ಟು ತೋರಿಸಿದೆ. ಅವಳು ಒಂದೊಂದೇ ಸಾಲಿನ ಮೇಲೆ ಕೈಯಾಡಿಸಿದಳು. ಅಲ್ಲಿದ್ದದ್ದು ಆ ನಲವತ್ತು ಗಂಡಸರ ಹೆಸರು. ಅವ್ವನಿಗೆ ಓದಲು ಬರುವುದಿಲ್ಲ.