ಕೈಮಾತಿಗೆ ಕಾವಲು ಕೂತ ತುಂಗಾಬಾಯಿ

ಕಾಶಿಯ ಕೇದಾರ ಘಾಟಿನಿಂದ ಮಿಂದು ಬಂದವರ ಒದ್ದೆ ಹೆಜ್ಜೆ ಓಣಿಯ ಕಲ್ಲಿನ ಮೇಲೆ ಇನ್ನೂ ಆರಿಲ್ಲ. ಸೋನಾರಪುರಾದ ಸೈಬರ್ ಕೆಫೆಯ ಶಟರ್ ಅರ್ಧ ಎದ್ದಿದೆ. ಒಳಗೆ ತುಂಗಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಸ ಗುಡಿಸುತ್ತಿದ್ದಾರೆ. ಗುಡಿಸಿದ ಮೇಲೆ, ಯಾರೋ ಗೋಡೆಯ ಕಡೆ ತಿರುಗಿಸಿಟ್ಟುಹೋದ ಮಾನಿಟರುಗಳನ್ನು ಒಂದೊಂದಾಗಿ ಬಾಗಿಲ ಕಡೆಗೆ ತಿರುಗಿಸುತ್ತಾರೆ.

“ಮೌಸಿ, ಎಲ್ಲಾ ಗಲ್ಲಿಗೆ ಕಾಣೋ ಹಂಗ್ ಇಟ್ರೆ ಗಿರಾಕಿ ಯಾರ್ ಬರ್ತಾರೆ?” ಕೆಫೆಯ ಒಡೆಯ ಮನೋಜ್ ಹಲ್ಲುಜ್ಜುತ್ತಲೇ ಗೊಣಗುತ್ತಾನೆ. ಕಾಶಿಯಲ್ಲೇ ಹುಟ್ಟಿದ ಕನ್ನಡದವರ ಮಗ.

“ನಾಚಿಕಿ ಇರಾಂವ ಬರ್ತಾನ. ಇಲ್ದಾಂವ ಗೋದೌಲಿಯಾ ಪ್ಯಾಟಿಗೆ ಹೋಗ್ಲಿ. ನೀ ಮೊದ್ಲ ಬಾಯಿ ತೊಳಕೋ.”

ಗುಡಿಸುವುದಕ್ಕೆ ತುಂಗಾಬಾಯಿ ಸಂಬಳ ಕೇಳಿಲ್ಲ. ಕ್ಯಾಬಿನ್ನುಗಳ ಪರದೆ ಬಿಚ್ಚಬೇಕು, ಸಂಜೆ ಬಾಗಿಲ ಬಳಿ ತನಗೊಂದು ಸ್ಟೂಲ್ ಹಾಕಬೇಕು, ಅಷ್ಟೇ ಕರಾರು.

ಸವಣೂರಿನ ಹೆಣ್ಣು. ಮದುವೆಯಾಗಿ ಕಾಶಿಗೆ ಬಂದವರು. ದಕ್ಷಿಣದ ಯಾತ್ರಿಕರಿಗೆ ಅಡುಗೆ ಮಾಡುತ್ತಿದ್ದ ಗಂಡ ಬದರೀನಾರಾಯಣ ಬೇಗ ತೀರಿಕೊಂಡ ಮೇಲೆ, ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಆಯಾ ಆದರು. ಅಕ್ಷರ ಅಷ್ಟಕ್ಕಷ್ಟೇ. ಕೈಮಾತು ಕಲಿಸಿದವರು ಆ ಮಕ್ಕಳೇ. ತಲೆ ಬಾಚಿಸಿಕೊಳ್ಳುತ್ತ, ತಟ್ಟೆಯ ಮುಂದೆ ಹಟ ಹಿಡಿಯುತ್ತ ಕಲಿಸಿದರು.

ಓಣಿಗೆ ಕೆಫೆ ಬಂದು, ಕಂಪ್ಯೂಟರಿನ ತಲೆಯ ಮೇಲೆ ಪುಟ್ಟ ಕ್ಯಾಮೆರಾ ಕೂತಾಗ ಆ ಮಕ್ಕಳಿಗೆ ಆದ ಹಿಗ್ಗು ತುಂಗಾಬಾಯಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಫೋನು ಅವರಿಗೆ ದಕ್ಕಿದ್ದೇ ಇಲ್ಲ. ಈಗ ಲಖನೌನಲ್ಲಿರುವ ಗೆಳತಿಯ ಜೊತೆ ಕೈಯಾಡಿಸಿ ಮಾತಾಡಬಹುದು, ಜಗಳವಾಡಬಹುದು, ನಗಬಹುದು.

ಹಾಗೆ ನಕ್ಕವಳೊಬ್ಬಳು ಹದಿಮೂರರ ಹುಡುಗಿ. ಅವಳ ನಿಜವಾದ ಹೆಸರು ಬೇಡ, ಸಾತ್ವಿಕಾ ಎನ್ನೋಣ. ಹನುಮಾನ್ ಘಾಟಿನ ಕನ್ನಡ ಪುರೋಹಿತರ ಮನೆಯವಳು. ಮನೆಯಲ್ಲಿ ಯಾರಿಗೂ ಕೈಮಾತು ಬರುವುದಿಲ್ಲ. ಉಣ್ಣು, ಮಲಗು, ಬಾ ಎನ್ನುವಲ್ಲಿಗೆ ಎಲ್ಲರ ಮಾತೂ ಮುಗಿಯುತ್ತದೆ. ಅಂಥವಳಿಗೆ ಕ್ಯಾಮೆರಾದಲ್ಲಿ ಒಬ್ಬ ‘ಅಕ್ಕ’ ಸಿಕ್ಕಳು. ಆ ಕಡೆ ಮುಖ ಕಾಣುತ್ತಿರಲಿಲ್ಲ. ಬಳೆ ತೊಟ್ಟ ಎರಡು ಕೈ ಮಾತ್ರ, ಚುರುಕಾಗಿ, ಸೊಗಸಾಗಿ ಆಡುತ್ತಿದ್ದವು. ಮನೆಯವರಿಗೆ ಸಂತೋಷವಾಯಿತು. ತುಂಗಾಬಾಯಿಗೂ ಆಯಿತು.

“ಕೈಮಾತು ಬಲ್ಲವರು ನಮ್ಮವರಽ ಅಂತ ತಿಳಕೊಂಡ್ವಿ,” ಎನ್ನುತ್ತಾರೆ. “ಅದನ್ನ ಕಲಿಯೂದು ಎಷ್ಟು ಕಷ್ಟ ಅಂತ ಗೊತ್ತಲ್ಲ. ಕಷ್ಟಪಟ್ಟು ಕಲಿತವರು ಕೆಡಕು ಮಾಡ್ಯಾರು ಅಂತ ಅನ್ನಿಸಲೇ ಇಲ್ರೀ.”

ಆ ಕೈಗಳು ಮೊದಲು ಗುಟ್ಟು ಕೇಳಿದವು. ಆಮೇಲೆ ಪರದೆ ಎಳೆದುಕೊಳ್ಳಲು ಹೇಳಿದವು, ದುಪಟ್ಟಾ ತೆಗೆಯಲು ಹೇಳಿದವು. ಕ್ಯಾಮೆರಾದಲ್ಲಿ ಕಂಡ ಚಿತ್ರವನ್ನು ಉಳಿಸಿಕೊಂಡು, ಹೇಳಿದ್ದು ಕೇಳದಿದ್ದರೆ ಊರಿಗೆಲ್ಲ ತೋರಿಸುವುದಾಗಿ ಹೆದರಿಸಿದವು. ಕೊನೆಯ ದಿನ ಸಾತ್ವಿಕಾ ಪರದೆ ಸರಿಸಿ, ಮುಷ್ಟಿಯನ್ನು ಎದೆಗೆ ಒತ್ತಿ ನಡುಗಿಸುತ್ತ ನಿಂತಳು. ಶಾಲೆಯ ಮಕ್ಕಳ ಕೈಯಲ್ಲಿ ಅದಕ್ಕೆ ಭಯ ಎಂದರ್ಥ. ಕೆಫೆ ತುಂಬ ಜನವಿದ್ದರು. ಎಲ್ಲರೂ ನೋಡಿದರು.

“ನಾನೂ ನೋಡಿದೆ ಮೌಸಿ,” ಮನೋಜ್ ದನಿ ತಗ್ಗಿಸುತ್ತಾನೆ. “ಏನೋ ಖೇಲ್, ಆಟ ಅಂದ್ಕೊಂಡೆ. ನಕ್ಕುಬಿಟ್ಟೆ.”

ಹುಡುಗಿ ಓಡಿ ಬಂದು ತುಂಗಾಬಾಯಿಯ ಮಡಿಲಲ್ಲಿ ಎಲ್ಲವನ್ನೂ ಕೈಯಲ್ಲೇ ಹೇಳಿದಳು. ತುಂಗಾಬಾಯಿ ಪೊಲೀಸರ ಬಳಿ ಹೋದರು. “ಮುಖ ಇಲ್ಲ, ಹೆಸರಿಲ್ಲ, ಊರಿಲ್ಲ. ಯಾರನ್ನ ಹಿಡಿಯೋಣ, ಮಾತಾಜೀ?” ಎಂದು ಕೇಳಿ ಅವರು ಚಹಾ ಕುಡಿಸಿ ಕಳಿಸಿದರು. ಅದು ಗಂಡಸೋ ಹೆಂಗಸೋ, ಇಂದಿಗೂ ತಿಳಿದಿಲ್ಲ. ಶಿಕ್ಷೆಯಾದದ್ದು ಹುಡುಗಿಗೆ. ತಂದೆ ಶಾಲೆ ಬಿಡಿಸಿದರು. “ತುಂಗಕ್ಕ, ಮನೆ ಮಾತು ಓಣಿಗೆ ತಂದವರು ನೀವು. ಇನ್ನು ನಮ್ಮ ಹೊಸ್ತಿಲು ತುಳಿಯಬೇಡಿ,” ಎಂದರು.

ಕೆಫೆಗೇ ಹೋಗಬೇಡಿ ಎಂದು ಉಳಿದ ಮಕ್ಕಳಿಗೆ ಹೇಳಿಬಿಡಬಹುದಿತ್ತು. ತುಂಗಾಬಾಯಿ ಹೇಳಲಿಲ್ಲ. “ಕೇಳೂ ಮಕ್ಕಳಿಗೆ ಊರೆಲ್ಲಾ ಮಾತು ಅದ. ಇವಕ್ಕ ಇರೂದು ಇದೊಂದು. ಅದನ್ನೂ ಕಸಗೊಂಡ್ರ ಹ್ಯಾಂಗ?” ಅಂದಿನಿಂದ ಸಂಜೆಯೆಲ್ಲ ಆ ಸ್ಟೂಲಿನ ಮೇಲೆ ಕೂತು, ಮಕ್ಕಳ ಕೈ ನೋಡುತ್ತಾರೆ. ಗೆಳೆಯರ ಹರಟೆಯಾದರೆ ಮುಖ ತಿರುಗಿಸಿಕೊಳ್ಳುತ್ತಾರೆ. ಗುರುತಿಲ್ಲದವರು ಏನಾದರೂ ಕೇಳಿದರೆ ಕ್ಯಾಮೆರಾದ ಮೇಲೆ ಅಂಗೈ ಮುಚ್ಚಿ ಎದ್ದು ಬರಬೇಕೆಂದು ಕಲಿಸಿದ್ದಾರೆ. ಮನೋಜನಿಗೂ ‘ಭಯ’, ‘ಬೇಡ’, ‘ಕರೆಯಿರಿ’ ಕಲಿಸಿದ್ದಾರೆ. ಅವನು ಈಗ ನಗುವುದಿಲ್ಲ.

ಬೆಳಗಿನ ಗುಡಿಸುವಿಕೆ ಮುಗಿದದ್ದೇ ತುಂಗಾಬಾಯಿ ಹನುಮಾನ್ ಘಾಟಿನ ಓಣಿಗೆ ನಡೆಯುತ್ತಾರೆ. ಹೊಸ್ತಿಲು ತುಳಿಯುವಂತಿಲ್ಲ, ಓಣಿ ಎಲ್ಲರದು. ಮಾಳಿಗೆಯ ಕಿಟಕಿಯ ಸರಳಿನಾಚೆ ಸಾತ್ವಿಕಾ ಕಾದಿರುತ್ತಾಳೆ. ಹಾಲಿನವನ ಸೈಕಲ್ಲು, ಹಸು, ಯಾತ್ರಿಕರ ನಡುವೆ ಇಬ್ಬರೂ ಸದ್ದಿಲ್ಲದೆ ಮಾತಾಡುತ್ತಾರೆ.

“ಆ ಕೈಯವರು ಸಿಕ್ಕರಾ?” ಎಂದು ಹುಡುಗಿ ಕೇಳುತ್ತಾಳೆ.

“ಇಲ್ಲ.” ತುಂಗಾಬಾಯಿ ಅವಳಿಗೆ ಸುಳ್ಳು ಹೇಳಿಲ್ಲ.

ಹುಡುಗಿ ಸರಳು ಹಿಡಿಯುತ್ತಾಳೆ. ಆಮೇಲೆ ಕೈ ಬಿಡಿಸಿ ನಿಧಾನವಾಗಿ ಹೇಳುತ್ತಾಳೆ: “ಚಿಕ್ಕವರಿಗೆ ಹೇಳು. ಮುಖ ತೋರಿಸದವರ ಜೊತೆ ಮಾತಾಡಬೇಡಿ ಅಂತ.”

ಆ ಪಾಠವನ್ನು ತುಂಗಾಬಾಯಿ ಶಾಲೆಯಲ್ಲಿ ಅಂದೇ ಹೇಳುತ್ತಾರೆ. ಹೇಳಿಕೊಟ್ಟವರು ಯಾರೆಂದು ಮಕ್ಕಳು ಕೇಳಿದರೆ ಗಲ್ಲದ ಗುಳಿಯ ಮೇಲೆ ಬೆರಳಿಡುತ್ತಾರೆ. ಸಾತ್ವಿಕಾಗೆ ಗೆಳತಿಯರಿಟ್ಟ ಕೈಹೆಸರು ಅದು. ಅವಳು ಮತ್ತೆ ಶಾಲೆಗೆ ಬರುವಳೇ ಎಂದರೆ ತುಂಗಾಬಾಯಿಗೆ ಗೊತ್ತಿಲ್ಲ.

“ಬರಲಿ ಅಂತ ಆಸೆ ಅದ,” ಎನ್ನುತ್ತಾರೆ. “ಮಂದಿ ಬಾಯಾಗ ಅಕಿ ಹೆಸರು ಕೆಟ್ಟದರೀ. ನಮ್ಮ ಮಕ್ಕಳ ಕೈಯಾಗ ಕೆಡಾಕ ಬಿಟ್ಟಿಲ್ಲ.”