ಕರಿಬಟ್ಟೆಗೆ ಚುಚ್ಚಿದ ಎರಡು ಸಾಲು

ನಮ್ಮ ಭಾವ ಜೋಥಮ್ ಪೆಲ್ ಪೀಪಾಯಿ ಮಾಡುತ್ತಿದ್ದ. ಊರಿನ ಉಪ್ಪುಮೀನು ಬಾಸ್ಟನ್ನಿಗೆ ಹೋಗುತ್ತಿದ್ದದ್ದು ಅವನ ಪೀಪಾಯಿಗಳಲ್ಲೇ. ಆದರೆ ಅವನ ಜಂಭವೆಲ್ಲ ಪದ್ಯದ ಮೇಲೆ. ನಮ್ಮಲ್ಲಿ ಹೆಣದ ಮುಂದೆ ಪ್ರಾರ್ಥನೆಯಿಲ್ಲ, ಉಪದೇಶವಿಲ್ಲ. ಅವೆಲ್ಲ ಪೋಪನ ಕಡೆಯವರ ಆಟ ಎಂದು ಸಮುದ್ರ ದಾಟಿ ಬಂದವರು ನಾವು. ಸತ್ತವರ ಮೇಲೊಂದು ಪದ್ಯ ಬರೆದು, ಆ ಹಾಳೆಯನ್ನು ಹೆಣದ ಪೆಟ್ಟಿಗೆಗೆ ಹೊದಿಸಿದ ಕರಿಬಟ್ಟೆಗೆ ಸೂಜಿಯಿಂದ ಚುಚ್ಚುತ್ತೇವೆ, ಅಷ್ಟೇ. ಊರಲ್ಲಿ ಯಾರೇ ಸತ್ತರೂ ಆ ಪದ್ಯ ಭಾವನದು. ಯಾರಾದರೂ ಹಾಸಿಗೆ ಹಿಡಿದರೆ ಸಾಕು, ಪ್ರಾಸ ಹುಡುಕತೊಡಗುತ್ತಿದ್ದ. ನನಗೆ ಜ್ವರ ಬಂದಾಗಲೂ ಹುಡುಕಿದ್ದನೆಂದು ಅವನ ಹೆಂಡತಿ, ನನ್ನಕ್ಕ, ಸಾಯುವ ಮೊದಲು ಹೇಳಿದ್ದಳು.

ಆಮೇಲೆ ಥಾಮಸಿನ್ ಟಾರ್‌ಬಾಕ್ಸ್ ಊರಿಗೆ ಬಂದಳು. ವಿಧವೆ, ನೂಲು ತೆಗೆದು ಬದುಕುತ್ತಿದ್ದಳು. ಹಸುಗೂಸಿನ ತಲೆಗೆ ನೀರು ಹಾಕುವುದಕ್ಕೆ ದೇವರ ವಾಕ್ಯದಲ್ಲಿ ಆಧಾರವಿಲ್ಲ ಎನ್ನುತ್ತಿದ್ದಳು. ಪ್ರಾರ್ಥನೆಗೆ ಸೇರುವ ಸಭಾಮನೆಯಲ್ಲಿ ಮಗುವಿಗೆ ದೀಕ್ಷಾಸ್ನಾನ ನಡೆಯುವಾಗ ಎದ್ದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಸಭೆಯ ಹಿರಿಯರ ಬುದ್ಧಿಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಭಾವ ಇದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ. ಆದರೆ ದೋಣಿ ಮುಳುಗಿ ಸತ್ತ ಮೀನುಗಾರನೊಬ್ಬನಿಗೆ ಅವಳು ನಾಲ್ಕು ಸಾಲು ಬರೆದಳು. ಅವನ ಹೆಂಡತಿ ಭಾವನ ಉದ್ದದ ಪದ್ಯವನ್ನು ಪಕ್ಕಕ್ಕಿಟ್ಟು ಅವಳದನ್ನೇ ಚುಚ್ಚಿದಳು. ಅಂದಿನಿಂದ ಭಾವನ ಕಣ್ಣಿಗೆ ಅವಳ ಧರ್ಮದ್ರೋಹ ಬೀಳತೊಡಗಿತು.

"ನಾಲ್ಕೇ ಸಾಲು. ಸೋಮಾರಿ ಹೆಂಗ್ಸು," ಎಂದು ಗೊಣಗಿದ.

"ನಿನ್ ಪದ್ಯ ಓದಿ ಮುಗಿಸೋಷ್ಟ್ರಲ್ಲಿ ಹೂತು ಬಂದು ಊಟಾನೂ ಆಗಿರತ್ತಲ್ಲ ಭಾವ," ಎಂದೆ.

ಆ ಚಳಿಗಾಲದಲ್ಲಿ ಅವನ ಮಗಳು ಹೆಪ್ಜಿಬಾಳ ಕೂಸು ಭಾನುವಾರಕ್ಕೆ ಮುಂಚೆಯೇ, ದೀಕ್ಷಾಸ್ನಾನವಾಗದೆ ಹೋಗಿಬಿಟ್ಟಿತು. ಭಾವ ಆದಾಮನ ಪಾಪದಿಂದ ಶುರುಮಾಡಿ ಪದ್ಯ ಬರೆದ. ಅದರಲ್ಲಿ ಮೊಮ್ಮಗು ಸ್ವರ್ಗಕ್ಕೆ ಹೋಯಿತೋ ನರಕಕ್ಕೋ ಎಂಬುದೇ ಅನುಮಾನ. ಹೆಪ್ಜಿಬಾ ಪೂರ್ತಿ ಕೇಳಿ, ಹಾಳೆಯನ್ನು ಅವನ ಕೈಗೇ ಕೊಟ್ಟು, ಥಾಮಸಿನ್ ಮನೆಗೆ ನಡೆದಳು. ಪುಟ್ಟ ಪೆಟ್ಟಿಗೆಯ ಮೇಲೆ ಚುಚ್ಚಿದ್ದು ಇಷ್ಟು:

ನೀರು ಕೇಳಲಿಲ್ಲ ದೇವನು, ಹೆಸರೂ ಕೇಳಲಿಲ್ಲ;
ಅಳು ಕೇಳಿ ಬಂದ, ಎತ್ತಿಕೊಂಡು ಹೋದ.

ಸ್ವಂತ ಮಗಳು! ಭಾವ ಹೂಳುವ ಗುಂಡಿಯ ಬಳಿ ಆ ಹಾಳೆಯನ್ನು ಕಿತ್ತುಕೊಂಡು ಹಿರಿಯರ ಹತ್ತಿರ ಓಡಿದ. ನೀರು ಬೇಡ ಎಂದ ಮೇಲೆ ದ್ರೋಹಕ್ಕೆ ಬೇರೆ ಸಾಕ್ಷಿ ಏಕೆ? ಅವಳು ತೊಲಗಿದರೆ ಊರಿನ ಹೆಣಗಳೆಲ್ಲ ಮತ್ತೆ ತನ್ನವೇ ಎಂದು ಅವನ ಲೆಕ್ಕ.

ದೂರು ಕೊಟ್ಟವನೇ ದೂರಿಗೆ ಕಾರಣವಾದ ಮಾತನ್ನು ಇಡೀ ಸಭೆಯ ಎದುರು ಓದಬೇಕೆಂಬುದು ನಮ್ಮಲ್ಲಿ ಕಟ್ಟಳೆ. ಭಾವ ಬಿಳಿ ಕಾಲರು ಹಾಕಿಕೊಂಡು ನಿಂತ. ಮೊದಲ ಸಾಲನ್ನು ಗದರುವ ಹಾಗೆ ಓದಿದ. ಎರಡನೆಯದಕ್ಕೆ ದನಿ ತಗ್ಗಿಸಿದ. ಕಿವಿ ಮಂದವಾದ ಹಿರಿಯರೊಬ್ಬರು ಮತ್ತೊಮ್ಮೆ ಓದು ಎಂದರು. ಓದಿದ. ಆಗಲೇ ಹೆಂಗಸರ ಬೆಂಚುಗಳಲ್ಲಿ ತುಟಿಗಳು ಅಲುಗುತ್ತಿದ್ದವು.

ತಪ್ಪೊಪ್ಪಿಕೊಳ್ಳುತ್ತೀಯಾ ಎಂದು ಥಾಮಸಿನ್‌ಳನ್ನು ಕೇಳಿದರು. ಅವಳು ಹೆಪ್ಜಿಬಾಳ ಕಡೆ ನೋಡಿ, "ಆ ತಾಯಿ ಎದುರಿಗೆ ಸುಳ್ಳು ಬರ್ದೆ ಅಂತ ಹೇಳ್ಲಾ?" ಎಂದಳು. ಊರು ಬಿಡಬೇಕೆಂದು ತೀರ್ಪಾಯಿತು. ಹಿಮ ಕರಗುವ ಮೊದಲೇ ರಾಟೆಯನ್ನು ಜಾರುಬಂಡಿಗೆ ಕಟ್ಟಿಕೊಂಡು, ಅಂಥವರಿಗೆ ಜಾಗ ಕೊಡುವ ರೋಡ್ ಐಲೆಂಡಿಗೆ ಹೊರಟುಹೋದಳು.

ಮುಂದೆ ಸತ್ತವನು ಹಿಟ್ಟಿನ ಗಿರಣಿಯ ಮುದುಕ. ಪದ್ಯ ಭಾವನದೇ, ಎರಡು ಹಾಳೆ. ಜನ ಬಗ್ಗಿ ನೋಡಿ, ಓದದೆ ನೆಟ್ಟಗಾದರು. ಪೆಟ್ಟಿಗೆಯ ಹಿಂದೆ ನಡೆಯುತ್ತ ಹೆಂಗಸರು ಮೆಲ್ಲನೆ ಹೇಳಿಕೊಳ್ಳುತ್ತಿದ್ದದ್ದು ಮಾತ್ರ ಆ ಎರಡು ಸಾಲು. ಭಾವ ತಿರುಗಿ, ಊರು ಬಿಟ್ಟವಳ ಪದ್ಯ ನಿಮಗೇಕೆ, ಯಾರು ಕಲಿಸಿದರು ಎಂದು ಮಗಳನ್ನು ಗದರಿದ.

"ನೀನೇ ಅಲ್ವೇನಪ್ಪ," ಎಂದಳು ಹೆಪ್ಜಿಬಾ. "ಎರಡು ಸಲ ಓದಿದ್ಯಲ್ಲ."

ಈಗಲೂ ಅವನ ಕೆಲಸದ ಕೊಟ್ಟಿಗೆಯಿಂದ ಪೀಪಾಯಿಗೆ ಬಳೆ ಬಿಗಿಯುವ ಸುತ್ತಿಗೆ ಸದ್ದು ನನಗೆ ಕೇಳುತ್ತದೆ. ಹೊಡೆತ ಬೀಳುವುದು ಆ ಸಾಲುಗಳ ಲಯಕ್ಕೇ. ಗೊತ್ತಾದ ಕೂಡಲೇ ನಿಲ್ಲಿಸಿ, ಥಾಮಸಿನ್‌ಳನ್ನು ಬೈದು, ಬೇರೆ ತಾಳ ಹಿಡಿಯುತ್ತಾನೆ. ಎರಡನೆಯ ಬಳೆಗೆ ಬರುವಷ್ಟರಲ್ಲಿ ಮತ್ತೆ ಅದೇ.